ಮಗಳ ಊರಿಗೆ ಹೋಗಿ ನೆಲೆಸೋದಿಲ್ವಾ?

"ಎಂತ ಅಕ್ಕ, ಮಗಳ ಹತ್ರ ಹೋಗುದಿಲ್ವಾ? ಒಬ್ರೇ ಎಂತ ಮಾಡ್ತೀರಿ ಇಲ್ಲಿ?"

ಉಡುಪಿಯ ರಥಬೀದಿಯಲ್ಲಿ ಹೂ ಮಾರುವವಳು ಕೇಳುತ್ತಾಳೆ. ಕಡಿಯಾಳಿಯ ಆಟೋ ಸ್ಟ್ಯಾಂಡಿನವರು ಕೇಳುತ್ತಾರೆ. ತೆಂಗಿನಕಾಯಿ ಕೀಳಲು ಬರುವವನು ಮರದ ಅರ್ಧಕ್ಕೆ ಏರಿ, ಅಲ್ಲಿಂದಲೇ ಕೇಳುತ್ತಾನೆ. ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟು ಸಾಕಾಗಿದೆ. ಹಾಗಾಗಿ ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಿಷಯ. ನನಗೆ ಅರವತ್ತಾರು. ಬ್ಯಾಂಕಿನಿಂದ ನಿವೃತ್ತಳಾಗಿದ್ದೇನೆ. ಇವರು ತೀರಿಕೊಂಡ ಮೇಲೆ ಉಡುಪಿಯ ಮನೆಯಲ್ಲಿ ನಾನೊಬ್ಬಳೇ. ಒಬ್ಬಳೇ ಮಗಳು, ಅವಳು ಇರುವುದು ಅಮೆರಿಕದ ಅರಿಝೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಮೊಮ್ಮಗನಿಗೆ ಏಳು ವರ್ಷ. "ಅಮ್ಮಾ, ಬಂದು ಇಲ್ಲೇ ಇರು" ಅಂತ ಅವಳು ಹೇಳಲು ಶುರು ಮಾಡಿ ನಾಲ್ಕು ವರ್ಷವಾಯಿತು.

ಊರು ಮರುಭೂಮಿಯಲ್ಲಿ ಉಂಟು ಅಂದ ಕೂಡಲೇ ನಮ್ಮ ಕಡೆಯವರು "ಓ, ದುಬೈಯಾ?" ಅನ್ನುತ್ತಾರೆ. ದುಬೈ ಆಗಿದ್ದರೆ ಈ ಬರಹವೇ ಬೇಕಿರಲಿಲ್ಲ. ಮಂಗಳೂರಿನ ಬಜ್ಪೆಯಲ್ಲಿ ವಿಮಾನ ಹತ್ತಿದರೆ ಮೂರೂವರೆ ಗಂಟೆ, ಬೇಸರವಾದರೆ ವಾಪಸ್. ಫೀನಿಕ್ಸ್‌ಗೆ ಎರಡು ಕಡೆ ವಿಮಾನ ಬದಲಿಸಿ, ಒಂದು ಹಗಲು ಒಂದು ರಾತ್ರಿ ಕಳೆದರೂ ಮುಟ್ಟುವುದಿಲ್ಲ. ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅರಿಝೋನಾದ ಹೆಚ್ಚಿನ ಕಡೆ ಬೇಸಿಗೆಗೆಂದು ಗಡಿಯಾರ ಮುಂದೆ ತಿರುಗಿಸುವ ಪದ್ಧತಿ ಇಲ್ಲ. ಅದೊಂದು ಉಪಕಾರ. ವರ್ಷವಿಡೀ ನನ್ನ ಸಂಜೆ ಏಳೂವರೆ ಅಂದರೆ ಅವರ ಬೆಳಿಗ್ಗೆ ಏಳು.

ಎರಡನೇ ಪ್ರಶ್ನೆ ಯಾವಾಗಲೂ ಇದೇ: "ಅಲ್ಲಿ ಸೆಕೆ ಜಾಸ್ತಿ ಅಲ್ವಾ?"

ಇಲ್ಲ. ಅಲ್ಲಿ ಸೆಕೆಯೇ ಇಲ್ಲ. ಸೆಕೆ ಅಂದರೆ ಬೆವರು ಬೇಕು. ಏಪ್ರಿಲ್ ತಿಂಗಳಲ್ಲಿ ಕರೆಂಟ್ ಹೋದ ಮಧ್ಯಾಹ್ನ ಬೆನ್ನ ಮೇಲೆ ಹರಿಯುತ್ತದಲ್ಲ, ಅದು ಸೆಕೆ. ಅಲ್ಲಿಯದು ಬರೀ ಕಾವು. ಬಚ್ಚಲ ಒಲೆಗೆ ಮಡಲು ತುರುಕಲು ಬಗ್ಗಿದಾಗ ಮುಖಕ್ಕೆ ಹೊಡೆಯುತ್ತದಲ್ಲ, ಅಂಥದ್ದು. ಬಗ್ಗಿದ್ದು ಸಾಕು ಅಂತ ಎದ್ದು ನಿಂತರೂ ಅದು ಹೋಗುವುದಿಲ್ಲ, ಅಷ್ಟೇ ವ್ಯತ್ಯಾಸ.

ನಾನು 2023ರ ಬೇಸಿಗೆಯಲ್ಲಿ ಅಲ್ಲಿದ್ದೆ. ಆ ವರ್ಷ ಜೂನ್ 30ರಿಂದ ಜುಲೈ 30ರವರೆಗೆ, ಸಾಲಾಗಿ 31 ದಿನ, ಫೀನಿಕ್ಸ್‌ನ ಉಷ್ಣತೆ ದಿನವೂ 110 ಫ್ಯಾರನ್‌ಹೀಟ್ ಮುಟ್ಟಿತು ಅಥವಾ ದಾಟಿತು. ನಮ್ಮ ಲೆಕ್ಕದಲ್ಲಿ 43 ಡಿಗ್ರಿಗಿಂತ ಮೇಲೆ. ಹಗಲಿನದು ಬಿಡಿ. ಜುಲೈ 19ರಂದು ಕನಿಷ್ಠ ಉಷ್ಣತೆಯೇ 97, ಅಂದರೆ 36 ಡಿಗ್ರಿ. ಉಡುಪಿಯಲ್ಲಿ ಮೇ ತಿಂಗಳ ನಡುಮಧ್ಯಾಹ್ನ "ಅಯ್ಯೋ ಸತ್ತೆ" ಅನ್ನುತ್ತೇವಲ್ಲ, ಅದು ಅವರ ಬೆಳಗಿನ ಜಾವ. ನಲ್ಲಿಯಲ್ಲಿ ತಣ್ಣೀರಿನ ಕಡೆಗೆ ತಿರುಗಿಸಿದರೂ ಬಿಸಿನೀರೇ ಬರುತ್ತಿತ್ತು. ಇನ್ನು ಮನೆಯೊಳಗೆ ಅಳಿಯನ ಎಸಿ ಎಷ್ಟು ಜೋರು ಅಂದರೆ, ಅಡುಗೆಮನೆಯಲ್ಲಿ ತೆಂಗಿನೆಣ್ಣೆ ಗಟ್ಟಿಯಾಗಿ ಕೂತಿತ್ತು. ಹೊರಗೆ 45, ಒಳಗೆ ಎಣ್ಣೆ ಬಾಟಲಿಯನ್ನು ಬಿಸಿನೀರಲ್ಲಿ ಇಟ್ಟು ಕರಗಿಸುವ ನಾನು.

ಆ ಬಿಸಿಲು ನೋಡಿ ನನಗೆ ಮೊದಲು ಹೊಳೆದದ್ದು ಹಪ್ಪಳ. ನಗಬೇಡಿ. ಕರಾವಳಿಯಲ್ಲಿ ಹುಟ್ಟಿದವರಿಗೆ ಬಿಸಿಲು ಕಂಡರೆ ಬೇರೇನು ಹೊಳೆಯುತ್ತದೆ? ಏಷ್ಯನ್ ಅಂಗಡಿಯಿಂದ ಹಲಸಿನಕಾಯಿ ತರಿಸಿದೆ. ಬೇಯಿಸಿ, ರುಬ್ಬಿ, ಉಂಡೆ ಮಾಡಿ, ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಗಳ ನಡುವೆ ಒತ್ತಿ, ಹಿತ್ತಲಲ್ಲಿ ಬಟ್ಟೆಯ ಮೇಲೆ ಹರಡಲು ಹೋದೆ. ಬೆಳಿಗ್ಗೆ ಒಂಬತ್ತು ಗಂಟೆ. ಮೂರನೇ ಸಾಲು ಇಡುವ ಹೊತ್ತಿಗೆ ಮೊದಲ ಸಾಲಿನ ಹಪ್ಪಳಗಳ ಅಂಚು ಮೇಲೇಳುತ್ತಿತ್ತು. ಅರ್ಧ ಗಂಟೆಯಲ್ಲಿ ಎಲ್ಲವೂ ಮುದುಡಿ ಹಲಸಿನೆಲೆಯ ಕೊಟ್ಟೆಯ ಹಾಗೆ ಆದವು. ತಿರುಗಿಸಿ ಹಾಕುವ ಪ್ರಶ್ನೆಯೇ ಬರಲಿಲ್ಲ. ಊರಿನಲ್ಲಾದರೆ ಎರಡು ಮೂರು ದಿನದ ಕೆಲಸ. ಒಂದು ಕಣ್ಣು ಮೋಡದ ಮೇಲೆ, ಒಂದು ಕಣ್ಣು ಕಾಗೆಯ ಮೇಲೆ. ಚಾಂಡ್ಲರ್‌ನಲ್ಲಿ ಮೋಡವೂ ಇಲ್ಲ, ಕಾಗೆಯೂ ಇಲ್ಲ, ಹಪ್ಪಳ ಮಾತ್ರ ಡಬ್ಬಿಗೆ ಹಿಡಿಯುವುದಿಲ್ಲ. ಒಂದರ ಮೇಲೊಂದು ಕೂರುವುದೇ ಇಲ್ಲ! ಕರಿದಾಗ ರುಚಿಗೇನೂ ಕೊರತೆ ಇರಲಿಲ್ಲ ಅನ್ನಿ.

ಒಣ ಹವೆಯಿಂದ ನನಗೆ ಲಾಭವೂ ಆಗಿದೆ. ನನ್ನ ಮೊಣಕಾಲು ನೋವು ಅಲ್ಲಿ ಅರ್ಧಕ್ಕೆ ಇಳಿಯುತ್ತದೆ. ಕಪಾಟಿನ ಸೀರೆಗೆ ಬೂಸ್ಟು ಹಿಡಿಯುವುದಿಲ್ಲ, ಮುಗ್ಗಲು ವಾಸನೆ ಇಲ್ಲ. ಆದರೆ ಹಿಮ್ಮಡಿ ಒಡೆಯುತ್ತದೆ, ಮೂಗಿನಲ್ಲಿ ರಕ್ತ ಕಾಣಿಸುತ್ತದೆ. ಮುಖ್ಯ ಅಪಾಯ ಬೇರೆ. ಬೆವರು ಬಂದ ಕೂಡಲೇ ಆರಿಹೋಗುವುದರಿಂದ ಮೈಯಿಂದ ಎಷ್ಟು ನೀರು ಹೋಯಿತು ಅಂತ ತಿಳಿಯುವುದೇ ಇಲ್ಲ. ನಮಗೆ ಬೆವರೇ ಗಂಟೆ ಬಾರಿಸುತ್ತದೆ, ನೀರು ಕುಡಿ ಅಂತ. ಅಲ್ಲಿ ಗಂಟೆ ಬಾರಿಸುವವರಿಲ್ಲ.

ಇದನ್ನು ಕಲಿತದ್ದು ಅಂಚೆ ಡಬ್ಬಿಯ ದೆಸೆಯಿಂದ. ಅವರ ಬೀದಿಯ ಎಲ್ಲ ಮನೆಗಳ ಅಂಚೆ ಡಬ್ಬಿ ಬೀದಿಯ ಕೊನೆಯಲ್ಲಿ ಒಂದೇ ಕಡೆ ಇದೆ. ಹೋಗಿ ಬರಲು ಹತ್ತು ನಿಮಿಷ. ಒಂದು ಸಂಜೆ ನಾಲ್ಕಕ್ಕೆ, ಯಾರಿಗೂ ಹೇಳದೆ, ನೀರೂ ಹಿಡಿಯದೆ, ಹವಾಯಿ ಚಪ್ಪಲಿ ಮೆಟ್ಟಿ ಹೊರಟೆ. ಡಬ್ಬಿಯ ಬೀಗದ ಕೈ ತಿರುಗಿಸುವಾಗ ಬೆರಳು ಚುರ್ ಅಂತು. ವಾಪಸ್ ಬರುವಾಗ ಮನೆಗಳ ಬಾಗಿಲುಗಳೆಲ್ಲ ಒಂದೇ ಥರ ಕಂಡವು, ತಲೆ ಹಗುರವಾಯಿತು. ಯಾರದೋ ಗ್ಯಾರೇಜಿನ ನೆರಳಿಗೆ ಆನಿಕೊಂಡು ನಿಂತೆ. ಕೂತುಕೊಳ್ಳೋಣ ಅನಿಸಿತು. ಕೂರಲಿಲ್ಲ, ಅದು ಒಳ್ಳೆಯದಾಯಿತು. ಬೇಸಿಗೆಯಲ್ಲಿ ಅಲ್ಲಿ ರಸ್ತೆಗೆ ಬಿದ್ದ ಮುದುಕರು ಬರೀ ಡಾಂಬರಿನ ಕಾವಿಗೆ ಸುಟ್ಟುಕೊಂಡು ಆಸ್ಪತ್ರೆ ಸೇರುತ್ತಾರೆ ಅಂತ ಮಗಳು ರಾತ್ರಿ ಹೇಳಿದಳು. ಹೇಳಿದಳು ಅಂದರೆ ಬೈದಳು. 2023ರಲ್ಲಿ ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯಲ್ಲಿ ಕಾವಿನ ಕಾರಣಕ್ಕೆ ಸತ್ತವರು 645 ಜನ. ತುಂಬ ಮಂದಿ ಮನೆಯಿಲ್ಲದವರು. ಮನೆಯೊಳಗೆ ಸತ್ತವರೂ ಇದ್ದಾರೆ, ಹೆಚ್ಚಿನ ಕಡೆ ಎಸಿ ಕೆಟ್ಟಿತ್ತು.

ಹಾಗಾದರೆ ಸೆಕೆಗೆ ಹೆದರಿ ಹೋಗುತ್ತಿಲ್ಲವಾ? ಅದೂ ಅಲ್ಲ. ಇಲ್ಲಿ ಸ್ವಲ್ಪ ಸಾವಧಾನವಾಗಿ ಕೇಳಿ.

ಎಲ್ಲರೂ ಕೊಡುವ ಸಲಹೆ ಒಂದೇ: "ಚಳಿಗಾಲದಲ್ಲಿ ಹೋಗಿ ಬನ್ನಿ, ಬೇಸಿಗೆಗೆ ಇಲ್ಲಿಗೆ ಬನ್ನಿ." ಕೇಳಲು ಸರಿ. ನವೆಂಬರಿನಿಂದ ಮಾರ್ಚ್‌ವರೆಗೆ ಫೀನಿಕ್ಸ್ ಸ್ವರ್ಗ. ಮೊಮ್ಮಗ ಹುಟ್ಟಿದಾಗ, 2018ರ ಕೊನೆಗೆ, ನಾನು ಆ ಸ್ವರ್ಗ ನೋಡಿದ್ದೇನೆ. ಆದರೆ ಉಡುಪಿಗೂ ಅದೇ ತಿಂಗಳುಗಳು ಒಳ್ಳೆಯವು. ಲಕ್ಷದೀಪ ಆಗ, ಯಕ್ಷಗಾನ ಮೇಳಗಳ ತಿರುಗಾಟ ಆಗ, ಕೋಲ, ನೇಮ, ಮದುವೆ, ಉಪನಯನ ಎಲ್ಲ ಆಗ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಕೃಷ್ಣಮಠದ ಪೂಜೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಹಬ್ಬ. ಮೇ ಕೊನೆಗೆ ಪತ್ತನಾಜೆ, ಅಂದರೆ ಉತ್ಸವಗಳಿಗೆಲ್ಲ ತೆರೆ ಎಳೆಯುವ ದಿನ, ಬಂದರೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಆಮೇಲೆ ಮಳೆ. ಅಂದರೆ ಎರಡೂ ಊರು ಬಾಗಿಲು ತೆರೆಯುವುದು ಒಟ್ಟಿಗೆ, ಹಾಕುವುದೂ ಒಟ್ಟಿಗೆ. ಇಲ್ಲಿ ಜೂನಿನಿಂದ ಮಳೆ ಹೊರಗೆ ಬಿಡುವುದಿಲ್ಲ, ಅಲ್ಲಿ ಕಾವು ಬಿಡುವುದಿಲ್ಲ. ಇನ್ನೂ ತಮಾಷೆ ಅಂದರೆ ಅವರೂ ಆ ತಿಂಗಳುಗಳನ್ನು ಮಾನ್ಸೂನ್ ಅಂತಲೇ ಕರೆಯುತ್ತಾರೆ. ಜೂನ್ 15ರಿಂದ ಸೆಪ್ಟೆಂಬರ್ 30 ಅಂತ ಅದಕ್ಕೆ ತಾರೀಕು ಬೇರೆ ಇಟ್ಟಿದ್ದಾರೆ. ಫೀನಿಕ್ಸ್‌ಗೆ ಇಡೀ ವರ್ಷಕ್ಕೆ ಬೀಳುವುದು ಸುಮಾರು 180 ಮಿಲಿಮೀಟರ್. ಉಡುಪಿಯಲ್ಲಿ ಜುಲೈ ತಿಂಗಳ ಒಂದು ಜೋರು ದಿನ ಅದನ್ನು ಮುಗಿಸಿಬಿಡುತ್ತದೆ.

ನಮ್ಮ ತುಳುವರ ಆಟಿ ತಿಂಗಳು, ಜೋರು ಮಳೆಯ ತಿಂಗಳು, ನೆನಪಿದೆಯಲ್ಲ? ಹಿಂದೆ ಆಟಿಗೆಂದು ಅಟ್ಟದಲ್ಲಿ ಹಪ್ಪಳ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಮಣ್ಣು ಮೆತ್ತಿದ ಹಲಸಿನ ಬೀಜ ಎಲ್ಲ ಕೂಡಿಡುತ್ತಿದ್ದರು. ಹೊರಗೆ ಹೋಗಲಾಗದ ತಿಂಗಳು ಅದು. ಆದರೆ ಮನೆ ತುಂಬ ಜನ ಇದ್ದರು, ಹಾಗಾಗಿ ಕಳೆಯುತ್ತಿತ್ತು. ನನ್ನ ಮನೆಯಲ್ಲಿ ಈಗ ಆಟಿ ಇದೆ, ಜನ ಇಲ್ಲ. ಮೊದಲ ಗಾಳಿಗೆ ಕರೆಂಟ್ ಹೋಗುತ್ತದೆ. ಅಂಗಳದಲ್ಲಿ ಪಾಚಿ, ಒಂದು ಸಲ ಜಾರಿ ಬಿದ್ದು ಕೈ ಮುರಿದುಕೊಂಡಿದ್ದೇನೆ. ಹೂ ಮಾರುವವಳೂ ಬರುವುದಿಲ್ಲ, ಪ್ರಶ್ನೆ ಕೇಳಲೂ ಯಾರೂ ಸಿಗುವುದಿಲ್ಲ.

ಚಳಿಗಾಲದಲ್ಲಿ ನನಗೆ ಉಡುಪಿ ಇದೆ. ಮನೆಮಂದಿ ಬೇಕಾಗುವುದು ಬಾಗಿಲು ಹಾಕಿದ ನಾಲ್ಕು ತಿಂಗಳಲ್ಲಿ. ಅದಕ್ಕೇ ನಾನು ಬುದ್ಧಿವಂತರೆಲ್ಲ ಊರು ಬಿಡುವ ಹೊತ್ತಿಗೆ ಫೀನಿಕ್ಸ್‌ಗೆ ಹೋಗುತ್ತೇನೆ. ಪತ್ತನಾಜೆ ಮುಗಿಸಿ ಹೊರಟು, ನವರಾತ್ರಿಗೆ ಮೊದಲು ವಾಪಸ್. 2023ರಲ್ಲಿ ಹಾಗೆ ಮಾಡಿದೆ, 2025ರಲ್ಲೂ ಮಾಡಿದೆ. ಮೊಮ್ಮಗನ ಶಾಲೆಗೆ ಮೇ ಕೊನೆಯಿಂದ ಜುಲೈ ಕೊನೆಯ ಹತ್ತಿರದವರೆಗೆ ರಜೆ. ಹೊರಗೆ ಆಡುವ ಹಾಗಿಲ್ಲ, ಹಾಗಾಗಿ ಅವನು ನನ್ನ ಕೈಗೆ ಸಿಗುತ್ತಾನೆ. ಚಳಿಗಾಲದಲ್ಲಾದರೆ ಈಜು, ಫುಟ್‌ಬಾಲ್, ಅವರಿವರ ಹುಟ್ಟುಹಬ್ಬ ಅಂತ ವಾರದಲ್ಲಿ ಅರ್ಧ ಗಂಟೆ ಸಿಕ್ಕಿದರೆ ಪುಣ್ಯ. ಬೇಸಿಗೆಯಲ್ಲಿ ಅವನಿಗೆ ಚೆನ್ನೆಮಣೆ ಕಲಿಸಿದೆ. ಈಗ ಮೋಸ ಮಾಡುವಷ್ಟು ಚೆನ್ನಾಗಿ ಆಡುತ್ತಾನೆ.

ಒಂದು ಸಂಜೆ ನಾವಿಬ್ಬರೂ ಆಡುತ್ತಿದ್ದಾಗ ಮನೆಯ ಎಲ್ಲ ಫೋನುಗಳೂ ಒಟ್ಟಿಗೆ ಕೂಗಿಕೊಂಡವು. ಧೂಳಿನ ಬಿರುಗಾಳಿ. ಹಬೂಬ್ ಅಂತಾರೆ, ಅರಬ್ಬಿ ಮಾತು. ಕಿಟಕಿಯಲ್ಲಿ ನೋಡಿದರೆ ದೂರದಲ್ಲಿ ಕಂದು ಗೋಡೆ, ಗುಡ್ಡ ಎದ್ದು ನಡೆದು ಬಂದ ಹಾಗೆ. ಹತ್ತು ನಿಮಿಷದಲ್ಲಿ ಎದುರಿನ ಮನೆ ಕಾಣಲಿಲ್ಲ. ಅದು ದಾಟಿದ ಮೇಲೆ ನಾಲ್ಕು ಹನಿ ಮಳೆ. ಬರೀ ನಾಲ್ಕು ಹನಿ, ಆದರೆ ಗಾಳಿಯಲ್ಲಿ ಒಂದು ಕಟು ಪರಿಮಳ ಬಂತು. ಅಲ್ಲಿಯ ಕ್ರಿಯೋಸೋಟ್ ಅನ್ನುವ ಪೊದೆ ನೆನೆದಾಗ ಹಾಗಂತೆ. ಹುಡುಗ ಅಂಗಳಕ್ಕೆ ಓಡಿ ಕುಣಿದ. ನಮ್ಮಲ್ಲಿ ಮಳೆ ಜೋರಾದರೆ ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಡುತ್ತಾರೆ ಅಂದೆ. ಅವನು ನಂಬಲಿಲ್ಲ. "ಮಳೆ ನೋಡಲಿಕ್ಕಾ ಅಜ್ಜಿ?" ಅಂತ ಕೇಳಿದ.

ಇದರಲ್ಲಿ ಕಳೆದುಕೊಳ್ಳುವುದೂ ಇದೆ. ಕೃಷ್ಣಾಷ್ಟಮಿ ತಪ್ಪುತ್ತದೆ. ಮರುದಿನ ವಿಟ್ಲಪಿಂಡಿಯಲ್ಲಿ, ಅಂದರೆ ಮೊಸರುಕುಡಿಕೆಯಲ್ಲಿ, ಹುಲಿವೇಷದ ತಾಸೆ ಸದ್ದನ್ನು ಫೋನಿನಲ್ಲಿ ಕೇಳುವುದು ಅಂದರೆ ಪಾಯಸದ ಚಿತ್ರ ನೋಡಿದ ಹಾಗೆ. ನಮ್ಮ ಉಡುಪಿಯ ಪುತ್ತಿಗೆ ಮಠದ ದೇವಸ್ಥಾನ ವೆಂಕಟಕೃಷ್ಣ ಕ್ಷೇತ್ರ ಪಕ್ಕದ ಊರು ಟೆಂಪಿಯಲ್ಲಿದೆ, ಮಗಳ ಮನೆಯಿಂದ ಕಾರಿನಲ್ಲಿ ದೂರವೇನಲ್ಲ. ಅಲ್ಲಿ ನಮ್ಮ ಭಾಷೆ ಕಿವಿಗೆ ಬೀಳುತ್ತದೆ, ಸಮಾಧಾನ. ಬೇಸಿಗೆಯಲ್ಲಿ ಒಂದೇ ಕಷ್ಟ, ಚಪ್ಪಲಿ ಬಿಟ್ಟ ಮೇಲೆ ಬಿಸಿಲಲ್ಲಿ ಹತ್ತು ಹೆಜ್ಜೆ ನಡೆಯಬೇಕಾದರೆ ಈ ವಯಸ್ಸಲ್ಲೂ ನಾನು ಓಡುತ್ತೇನೆ.

ಇನ್ನು ಒಬ್ಬಳೇ ಓಡಾಡುವ ವಿಷಯ. ನನಗೆ ಕಾರು ಬಿಡಲು ಬರುವುದಿಲ್ಲ, ಅಂಗಡಿಗೆ ನಡೆದು ಹೋಗುವ ಮಾತೇ ಇಲ್ಲ. ಆದರೆ ಆ ಊರಲ್ಲಿ ವೇಮೋ ಅಂತ ಡ್ರೈವರ್ ಇಲ್ಲದ ಟ್ಯಾಕ್ಸಿ ಓಡಾಡುತ್ತದೆ. ಮಗಳು ಫೋನಿನಿಂದ ಕರೆಸಿ ನನ್ನನ್ನು ಹತ್ತಿಸಿದಳು. ಸ್ಟಿಯರಿಂಗ್ ತಾನೇ ತಿರುಗುವುದು ನೋಡಿ ಮೊದಲ ಸಲ ಕೃಷ್ಣನ ಹೆಸರು ಬಿಟ್ಟು ಬೇರೆ ಏನೂ ಬಾಯಿಗೆ ಬರಲಿಲ್ಲ. ಎರಡನೇ ಸಲ ಬೇಸರ ಬಂತು. ಕಡಿಯಾಳಿಯ ಆಟೋದವರಾದರೆ ರಥಬೀದಿ ಮುಟ್ಟುವುದರೊಳಗೆ ಮೂರು ಮನೆಯ ಸುದ್ದಿ ಹೇಳುತ್ತಾರೆ.

ನೆಲೆಸುವುದಕ್ಕೆ ಗ್ರೀನ್ ಕಾರ್ಡ್ ಬೇಕು. ಮಗಳು ಅಲ್ಲಿಯ ಪ್ರಜೆ, ಅವಳು ನನಗಾಗಿ ಅರ್ಜಿ ಹಾಕಬಹುದು. ಆದರೆ ಆ ಕಾರ್ಡ್ ಸಿಕ್ಕಿದರೆ ನನ್ನ ಮನೆ ಅಲ್ಲಿ ಅಂತ ಅರ್ಥ. ಆರು ತಿಂಗಳಿಗಿಂತ ಜಾಸ್ತಿ ಉಡುಪಿಯಲ್ಲಿ ಕೂತರೆ ಪ್ರಶ್ನೆ ಶುರು, ವರ್ಷ ದಾಟಿದರೆ ಕಾರ್ಡಿಗೇ ಕುತ್ತು. ಅಲ್ಲಿಯ ಹಿರಿಯರ ಸರಕಾರಿ ಆರೋಗ್ಯ ವಿಮೆ ಮೆಡಿಕೇರ್ ನನ್ನಂಥವರಿಗೆ ಸಿಗಬೇಕಾದರೆ ಸಾಲಾಗಿ ಐದು ವರ್ಷ ಅಲ್ಲೇ ವಾಸವಾಗಿರಬೇಕು, ಆಮೇಲೂ ದುಡ್ಡು ಕಟ್ಟಿಯೇ ತೆಗೆದುಕೊಳ್ಳಬೇಕು. ಈಗ ಪ್ರವಾಸಿ ವೀಸಾದಲ್ಲಿ ಹೋಗುವಾಗ ತೆಗೆದುಕೊಳ್ಳುವ ವಿಮೆಯೋ, ಮೊದಲೇ ಇರುವ ಕಾಯಿಲೆಗೆ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ. ನನಗೆ ಬಿಪಿ, ಸಕ್ಕರೆ ಎರಡೂ ಉಂಟು. ನಾಲ್ಕು ತಿಂಗಳ ಮಾತ್ರೆ ಲೆಕ್ಕ ಹಾಕಿ, ಡಾಕ್ಟರ ಚೀಟಿ ಸಮೇತ ಕಟ್ಟಿಕೊಂಡು ಹೋಗುತ್ತೇನೆ. ರೂಪಾಯಿ ಪಿಂಚಣಿಯನ್ನು ಡಾಲರಿಗೆ ಭಾಗಿಸುವ ಕೆಲಸ ಮಾತ್ರ ನಾನು ಮಾಡುವುದಿಲ್ಲ. ಬ್ಯಾಂಕಿನಲ್ಲಿ ಇದ್ದವಳು, ಉತ್ತರ ಗೊತ್ತು.

ಇದು ಎಷ್ಟು ದಿನ ನಡೆಯುತ್ತದೆ? ಮೊಣಕಾಲು ವಿಮಾನ ಹತ್ತುವಷ್ಟು ದಿನ. ಪ್ರತಿ ವರ್ಷ ಹೋದರೆ ಅಲ್ಲಿಯ ವಿಮಾನ ನಿಲ್ದಾಣದ ಅಧಿಕಾರಿಗೂ ಅನುಮಾನ ಬರಬಹುದು, ಅದಕ್ಕೇ ವರ್ಷ ಬಿಟ್ಟು ವರ್ಷ. ನಡುವಿನ ವರ್ಷ ಮಗಳು ಬರುತ್ತಾಳೆ, ಅದೂ ಡಿಸೆಂಬರಿನಲ್ಲಿ, ಊರು ಊರಾಗಿರುವಾಗ. ಮುಂದೆ ಒಂದು ದಿನ ಬಿದ್ದು ಎದ್ದೇಳಲಾಗದಿದ್ದರೆ ಆಗ ಅರ್ಜಿ ಹಾಕೋಣ ಅಂದಿದ್ದೇನೆ. "ಆಗ ಹಾಕಿದರೆ ತಿಂಗಳುಗಟ್ಟಲೆ ಕಾಯಬೇಕು ಅಮ್ಮಾ" ಅಂದಳು. ಅವಳು ಹೇಳಿದ್ದು ಸರಿ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮುಂದಿನ ಸಲಕ್ಕೆ ಹಪ್ಪಳದ ಸಮಸ್ಯೆ ಬಗೆಹರಿದಿದೆ. ಅಂಗಳ ಬೇಡ, ಗ್ಯಾರೇಜಿನ ನೆರಳೇ ಸಾಕು, ಅಲ್ಲಿ ಮೆಲ್ಲಗೆ ಒಣಗಿದರೆ ಮುದುಡಲಿಕ್ಕಿಲ್ಲ. ಕಾರು ಹೊರಗೆ ನಿಲ್ಲಿಸಲು ಅಳಿಯ ಒಪ್ಪಿದ್ದಾರೆ, ಬೆಳಿಗ್ಗೆ ಎಂಟು ಗಂಟೆಯವರೆಗೆ ಮಾತ್ರ. ಆಮೇಲೆ ಬಿಸಿಲಲ್ಲಿ ಬಿಟ್ಟರೆ ಸ್ಟಿಯರಿಂಗ್ ಮುಟ್ಟಲಿಕ್ಕಾಗುವುದಿಲ್ಲವಂತೆ.