ಕಡಲ ಕಾವಲಿನ ಹಂಚಿಕೆ

1946ರ ಏಪ್ರಿಲ್ 1. ಅಲಾಸ್ಕಾದ ಅಲ್ಯೂಷಿಯನ್ ದ್ವೀಪಗಳ ಬಳಿ ಭೂಕಂಪ. ಸುಮಾರು ಐದು ಗಂಟೆ ಕಳೆದು ಸುನಾಮಿ ಅಲೆಗಳು ಹವಾಯಿಯ ಹಿಲೋ ಪಟ್ಟಣಕ್ಕೆ ನುಗ್ಗಿದವು. ಅಷ್ಟು ಹೊತ್ತಿದ್ದರೂ ಎಚ್ಚರಿಸುವವರೇ ಇರಲಿಲ್ಲ! ಓದಿದಾಗಲೆಲ್ಲ ಕರುಳು ಕಿವುಚಿದಂತಾಗುತ್ತದೆ.

1949ರಲ್ಲಿ ಹವಾಯಿಯಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಶುರುವಾಯಿತು. 1964ರ ಅಲಾಸ್ಕಾ ಭೂಕಂಪದ ನಂತರ ಅಲ್ಲಿನ ಪಾಮರ್‌ನಲ್ಲಿ ಇನ್ನೊಂದು. ಈಗ ಅಲಾಸ್ಕಾ, ಅಮೆರಿಕದ ಮುಖ್ಯಭೂಮಿ, ಕೆನಡಾದ ಕರಾವಳಿಗಳು ಪಾಮರ್‌ನ ಪಾಲು. ಹವಾಯಿ ಕೇಂದ್ರ ತನ್ನ ದ್ವೀಪಗಳ ಜತೆಗೆ ಪೆಸಿಫಿಕ್ ಸುತ್ತಲಿನ ದೇಶಗಳಿಗೂ ಅಪಾಯದ ಮಾಹಿತಿ ಕಳಿಸುತ್ತದೆ. ಆದರೆ ಜನರನ್ನು ತೆರವು ಮಾಡಿಸಬೇಕೋ ಬೇಡವೋ ಅನ್ನೋದು ಆಯಾ ದೇಶದ್ದೇ ತೀರ್ಮಾನ. ನನಗಿದು ತುಂಬಾ ಸರಿ ಅನ್ನಿಸುತ್ತದೆ: ಯಾವ ರಸ್ತೆ ಎತ್ತರದ ಜಾಗಕ್ಕೆ ಹೋಗುತ್ತದೆ ಅಂತ ಅಲ್ಲಿನವರಿಗೇ ತಾನೇ ಗೊತ್ತು. ಇನ್ನೊಂದು ಸಮಾಧಾನ, ಈ ಎರಡರಲ್ಲಿ ಒಂದು ಕೇಂದ್ರ ಕೈಕೊಟ್ಟರೆ ಮತ್ತೊಂದು ಅದರ ಕೆಲಸ ವಹಿಸಿಕೊಳ್ಳುತ್ತದೆ.