ತಾಸಿಲೋ ಕೈಗೆ ಕೊಟ್ಟ ಪ್ರತಿ
ಈಗಿನ ದಕ್ಷಿಣ ಜರ್ಮನಿಯ ಬವೇರಿಯಾದ ಡ್ಯೂಕ್ ಮೂರನೇ ತಾಸಿಲೋ ರಣರಂಗದಲ್ಲಿ ಸೋತವನಲ್ಲ. 787ರಲ್ಲಿ ಫ್ರಾಂಕರ ದೊರೆ ಶಾರ್ಲೆಮೇನ್ ಮೂರು ದಿಕ್ಕಿನಿಂದ ಸೇನೆ ತಂದ: ಲೆಖ್ ನದಿಯ ಬಯಲಿಗೆ ತಾನೇ ಬಂದ, ಡ್ಯಾನ್ಯೂಬ್ ಕಡೆ ಇನ್ನೊಂದು ದಂಡು, ದಕ್ಷಿಣದಲ್ಲಿ ಇಟಲಿಯಿಂದ ಮಗ ಪಿಪಿನ್‌ನದು. ತನ್ನ ಕಡೆಯವರೇ ಕೈಬಿಟ್ಟಾಗ ತಾಸಿಲೋ ಶರಣಾದ, ಮಗನನ್ನು ಒತ್ತೆಯಿಟ್ಟ.

ಮರುವರ್ಷ ಇಂಗೆಲ್‌ಹೈಮ್ ಸಭೆಯಲ್ಲಿ ಮರಣದಂಡನೆ. ಹೊಸ ಆರೋಪ ಪೂರ್ವದ ನೆರೆಯ ಶತ್ರುಗಳಾದ ಅವಾರರ ಜೊತೆಗಿನ ಒಳಸಂಚು. ಆದರೆ ಕುತ್ತಿಗೆಗೆ ಬಂದದ್ದು 25 ವರ್ಷ ಹಳೆಯದು, 763ರಲ್ಲಿ ಅಕ್ವಿಟೇನ್ (ಈಗಿನ ನೈಋತ್ಯ ಫ್ರಾನ್ಸ್) ಮೇಲಿನ ದಂಡಯಾತ್ರೆಯಲ್ಲಿ ಫ್ರಾಂಕರ ಸೇನೆ ಬಿಟ್ಟು ಹೋದದ್ದು. ಸೋದರತ್ತೆಯ ಮಗನೆಂದು ದೊರೆ ಜೀವ ಉಳಿಸಿ ಮಠಕ್ಕೆ ಕಳಿಸಿದ.

ನನಗೆ ಕರುಳು ಚುರುಕ್ ಎನ್ನುವುದು 794ರ ಫ್ರಾಂಕ್‌ಫರ್ಟ್ ಸಭೆಯನ್ನು ನೆನೆದಾಗ. ಮಠದಿಂದ ಕರೆತಂದು, ಮಕ್ಕಳ ಹಕ್ಕನ್ನೂ ಸೇರಿಸಿ ಎಲ್ಲ ಬಿಟ್ಟುಕೊಡಿಸಿದರು. ಹಾಗೆ ಬಿಟ್ಟುಕೊಟ್ಟ ಪತ್ರಕ್ಕೆ ಮೂರು ಪ್ರತಿ: ಅರಮನೆಗೆ, ಅರಮನೆಯ ಪ್ರಾರ್ಥನಾಲಯಕ್ಕೆ, ಇನ್ನೊಂದು ಅವನ ಕೈಗೇ.