ಹಾಳೆಯ ಹಿಂಭಾಗ

2002ರಲ್ಲಿ ನಾನು ಮಂಡ್ಯದ ನಮ್ಮ ಕಾಲೇಜಿನಲ್ಲಿ ಕೊನೆಯ ವರ್ಷದ ಬಿಎ. ಸಮಾಜಶಾಸ್ತ್ರದ ಮೇಷ್ಟ್ರು ನಮ್ಮನ್ನೆಲ್ಲ ನಾಲೆ ಪಕ್ಕದ ಒಂದು ಊರಿಗೆ ಸರ್ವೆಗೆ ಕಳಿಸಿದರು. ಕೈಯಲ್ಲಿ 42 ಪ್ರಶ್ನೆಗಳ ಫಾರಂ.

17ನೇ ಪ್ರಶ್ನೆ, ಸಾಲ ಇದೆಯೇ? ಒಬ್ಬ ಅಮ್ಮ "ಇಲ್ಲ ಕಣಪ್ಪ" ಅಂದರು. ಟಿಕ್ ಹಾಕಿದೆ. ಮಜ್ಜಿಗೆ ಕೊಡುವಾಗ ನೋಡಿದರೆ ಅವರ ಕಿವಿಯಲ್ಲಿ ವಾಲೆ ಬದಲು ಬೇವಿನಕಡ್ಡಿ. ಸುಮ್ನೆ ಕೇಳಿದೆ.

"ಅಡ ಮಡಗಿವ್ನಿ. ಕಬ್ಬಿನ ದುಡ್ಡು ಬಂದ್ಮೇಲೆ ಬುಡಿಸ್ಕತೀನಿ."

"ಅದು ಸಾಲ ಅಲ್ವಾ ಅಮ್ಮ?"

"ಅದೆಂಗೆ ಸಾಲ ಆದದು ಮಗಾ? ನನ್ ವಾಲೆ ಅಲ್ಲೈತೆ, ಅವ್ರ ಕಾಸು ಇಲ್ಲೈತೆ."

ಮೇಷ್ಟ್ರಿಗೆ ಹೇಳಿದೆ. ಟಿಕ್ ಅಳಿಸಬೇಡ, ಆಯಮ್ಮ ಅಂದದ್ದನ್ನ ಹಾಳೆಯ ಹಿಂದೆ ಬರಿ ಅಂದರು. ಆಮೇಲೆ ಫಾರಂಗೆ ಅಡವಿನ ಪ್ರಶ್ನೆಯೊಂದನ್ನು ಸೇರಿಸಿ ಅದೇ ಮನೆಗಳಿಗೆ ಮತ್ತೆ ಓಡಿಸಿದರು. ನಾವು ಬೈದುಕೊಂಡೇ ಹೋದೆವು. ಬಸ್ ಚಾರ್ಜು ನಮ್ಮದೇ ಅಲ್ವಾ!

ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಕಥೆ ಕೇಳಿದ್ದೂ ಅವರಿಂದಲೇ. 1954ರಲ್ಲಿ ಮಂಡ್ಯದ ಕಡೆಯ ಹಳ್ಳಿಗೆ ಬಂದು ನೆಲೆಸಿದ ಆಕೆ, ನಾಲೆ ನೀರು ಸಿಕ್ಕಿದ ಊರು, ಸಿಗದ ಊರು ಎರಡನ್ನೂ ಹೋಲಿಸಿದರು. ಮನೆಮನೆಯ ಖರ್ಚಿನ ಲೆಕ್ಕವೂ ಬೇಕಿತ್ತು, ಜಗಲಿಯ ಮಾತೂ ಬೇಕಿತ್ತು. ನೀರು ಸಿಗದ ಊರಿನವರೇ ವ್ಯಾಪಾರ, ಪೇಟೆ ಕೆಲಸ ಅಂತ ಜಾಸ್ತಿ ಬದಲಾಗಿದ್ದರು. ಪುಸ್ತಕ ಬಂದದ್ದು 1962ರಲ್ಲಿ.

ಹೀಗೆ ಲೆಕ್ಕವನ್ನೂ ಮಾತನ್ನೂ ಸೇರಿಸಿ ಸಂಶೋಧನೆ ಮಾಡುವುದಕ್ಕೆ 'ಮಿಕ್ಸೆಡ್ ಮೆಥಡ್ಸ್' ಅನ್ನುತ್ತಾರೆ ಅಂತ ಗೊತ್ತಾಗಿದ್ದು ಸಂಶೋಧನೆಗೆ ಮೈಸೂರಿಗೆ ಹೋದ ಮೇಲೆ. 1980ರ ದಶಕದಲ್ಲಿ ಎಣಿಸುವವರಿಗೂ ಮಾತಾಡಿಸುವವರಿಗೂ ದೊಡ್ಡ ಜಗಳವೇ ನಡೆದಿತ್ತಂತೆ. 2003ರಲ್ಲಿ ಈ ವಿಧಾನದ ಬಗ್ಗೆ ತಶಕ್ಕೋರಿ ಮತ್ತು ಟೆಡ್ಲಿ ಸಂಪಾದಿಸಿದ ದಪ್ಪ ಕೈಪಿಡಿ ಬಂತು. 2007ರಲ್ಲಿ ಇದಕ್ಕೇ ಒಂದು ಪತ್ರಿಕೆ, 2013ರಲ್ಲಿ ಅಂತರರಾಷ್ಟ್ರೀಯ ಸಂಘ. ಅಷ್ಟಾದರೂ ನನ್ನ ಸಂಶೋಧನೆಯ ಮೊದಲ ಸಾರಲೇಖ ವಾಪಸ್ ಬಂತು. ಎರಡು ದೋಣಿಯಲ್ಲಿ ಕಾಲಿಡಬೇಡ ಅಂದರು ಒಬ್ಬ ಹಿರಿಯರು. ಈಗ ಯಾರ ಪ್ರಬಂಧ ತೆಗೆದರೂ ಶೀರ್ಷಿಕೆಯಲ್ಲೇ ಆ ಹೆಸರು! ಒಂದು ಅಧ್ಯಾಯದಲ್ಲಿ ಕೋಷ್ಟಕ, ಇನ್ನೊಂದರಲ್ಲಿ ಸಂದರ್ಶನ. ಎರಡಕ್ಕೂ ಮಾತುಕತೆಯೇ ಇರುವುದಿಲ್ಲ, ಭಾಗ ಆದ ಅಣ್ಣತಮ್ಮಂದಿರ ಹಾಗೆ.

ನಮ್ಮ ಎರಡನೇ ಸುತ್ತಿನಲ್ಲಿ, ಸಾಲ ಇಲ್ಲ ಅಂದಿದ್ದ ಎಷ್ಟೋ ಮನೆಗಳಲ್ಲಿ ಅಡವಿನ ಚೀಟಿ ಹೊರಗೆ ಬಂತು. ಆ ಅಮ್ಮನ ಕಿವಿಯಲ್ಲಿ ಇನ್ನೂ ಕಡ್ಡಿಯೇ ಇತ್ತು. ಕಬ್ಬಿನ ದುಡ್ಡು ಬಂದಿರಲಿಲ್ಲ. ಅದನ್ನೂ ಹಾಳೆಯ ಹಿಂದೆ ಬರೆದುಕೊಂಡೆ.